ರಾಷ್ಟ್ರಪತಿಯವರ ಹೆಸರಿನ ಷೇರು, ಹೊರದೇಶದ ಪಾಲುದಾರ: ಓದುಗರ ಪ್ರಶ್ನೆಗಳಿಗೆ ಉತ್ತರ

ಸರ್ಕಾರಿ ಕಂಪನಿಗಳ ಷೇರು ಮಾರಾಟದ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬರೆದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯವೇ. ಅದು ಸಹಜ. ಅದಿರು, ಚಿನ್ನ, ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರಗಳಲ್ಲಿ ಸರ್ಕಾರದ ಕೈ ದೊಡ್ಡದಾಗಿರುವ, ಪಕ್ಕದಲ್ಲೇ ಜಪಾನಿನ ಬಂಡವಾಳವೂ ಬಂದು ಕೂತಿರುವ ಸೀಮೆ ಇದು. ನಾನು ಬಳ್ಳಾರಿಯ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಕಲಿಸಿ ನಿವೃತ್ತಳಾದವಳು. ಯಾವ ಷೇರು ಕೊಳ್ಳಬೇಕು, ಯಾವುದನ್ನು ಮಾರಬೇಕು ಎಂಬ ಸಲಹೆ ಇಲ್ಲಿ ಇರುವುದಿಲ್ಲ. ಒಡೆಯರು ಯಾರು, ಯಾರ ಮಾತು ನಡೆಯುತ್ತದೆ, ನಷ್ಟ ಯಾರ ತಲೆಗೆ ಬರುತ್ತದೆ ಎಂಬುದಷ್ಟನ್ನೇ ಬಿಡಿಸಿ ಹೇಳುತ್ತೇನೆ.

ಪ್ರಶ್ನೆ: ದೋಣಿಮಲೈ ಗಣಿ ನಡೆಸುವ ಕೇಂದ್ರದ ಕಂಪನಿ ಎನ್‌ಎಂಡಿಸಿಯ ಷೇರುದಾರರ ಪಟ್ಟಿಯನ್ನು ಮಗಳು ಮೊಬೈಲ್‌ನಲ್ಲಿ ತೋರಿಸಿದಳು. ಕೇಂದ್ರ ಸರ್ಕಾರದ್ದು ಶೇ 60ಕ್ಕಿಂತ ತುಸು ಹೆಚ್ಚು. ಉಳಿದದ್ದರಲ್ಲಿ ಎಲ್‌ಐಸಿ ಇದೆ, ವಿದೇಶಿ ನಿಧಿಗಳೂ ಇವೆ. ನಮ್ಮ ದೋಣಿಮಲೈ ಅದಿರಿನಲ್ಲಿ ಹೊರದೇಶದವರಿಗೆ ಪಾಲು ಹೇಗೆ ಬಂತು? ಅವರ ಮಾತು ಇಲ್ಲಿ ನಡೆಯುತ್ತದೆಯೇ?
— ಸಂಡೂರು ತಾಲ್ಲೂಕಿನ ಓದುಗರು

ಉತ್ತರ: ನೆಲದೊಳಗಿನ ಅದಿರು ಕಂಪನಿಯದ್ದಲ್ಲ, ರಾಜ್ಯದ್ದು. ಕಂಪನಿ ಗುತ್ತಿಗೆ ಪಡೆದು ಅಗೆಯುತ್ತದೆ, ಅದಕ್ಕೆ ರಾಜಧನ (ರಾಯಲ್ಟಿ) ಕಟ್ಟುತ್ತದೆ. ಕಬ್ಬಿಣದ ಅದಿರಿಗೆ ಅದು ಸರಾಸರಿ ಮಾರಾಟ ಬೆಲೆಯ ಶೇ 15. ವಿದೇಶಿ ನಿಧಿಗೆ ಇರುವುದು ಕಂಪನಿಯ ಲಾಭದಲ್ಲಿ ಪಾಲು, ಗುಡ್ಡದಲ್ಲಿ ಅಲ್ಲ. ಷೇರುಪೇಟೆಯಿಂದ ಕೊಳ್ಳುವ ಇಂಥ ಒಂದು ನಿಧಿ ಕಂಪನಿಯ ಬಂಡವಾಳದಲ್ಲಿ ಶೇ 10ರ ಒಳಗೇ ಇರಬೇಕು. ಆ ಗೆರೆ ದಾಟಿದರೆ ಅದು ನೇರ ಹೂಡಿಕೆ ಎನಿಸಿಕೊಳ್ಳುತ್ತದೆ, ಅದರ ನಿಯಮಗಳೇ ಬೇರೆ.

ಇನ್ನು ಮಾತು ನಡೆಯುವ ವಿಚಾರ. ಕೇಂದ್ರೋದ್ಯಮಗಳಲ್ಲಿ, ಅಂದರೆ ಕೇಂದ್ರ ಸರ್ಕಾರದ ಕಂಪನಿಗಳಲ್ಲಿ, ಸರ್ಕಾರದ ಷೇರುಗಳು ಭಾರತದ ರಾಷ್ಟ್ರಪತಿಯವರ ಹೆಸರಿನಲ್ಲಿರುತ್ತವೆ. ಸಂಬಂಧಪಟ್ಟ ಸಚಿವಾಲಯದ ಅಧಿಕಾರಿಯೊಬ್ಬರು ಅವರ ಪರವಾಗಿ ಮತ ಹಾಕುತ್ತಾರೆ. ಕಂಪನಿಗೆ ನಿರ್ದೇಶನ ಕೊಡುವ ಅಧಿಕಾರವನ್ನು ರಾಷ್ಟ್ರಪತಿಯವರಿಗೆ ಕೊಡುವ ಕಲಮೂ ಸಾಮಾನ್ಯವಾಗಿ ಕಂಪನಿಯ ನಿಯಮಾವಳಿಯಲ್ಲೇ ಇರುತ್ತದೆ. ಕೆಲವು ಸರ್ಕಾರಿ ಕಂಪನಿಗಳ ಒಂದಿಷ್ಟು ಷೇರು ನನ್ನ ಬಳಿಯೂ ಇವೆ. ವಾರ್ಷಿಕ ಸಭೆಗಳು ಆನ್‌ಲೈನ್ ಆದ ಮೇಲೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತೇನೆ. ಒಂದು ಸಭೆಯಲ್ಲಿ ಸಿಂಗಪುರದ ನಿಧಿಯೊಂದರ ಪ್ರತಿನಿಧಿ ತನಗೆ ಸಿಕ್ಕ ಮೂರು ನಿಮಿಷದಲ್ಲಿ ಒಂದೇ ಪ್ರಶ್ನೆ ಕೇಳಿದಳು: 'ನಿಮ್ಮ ಮಾಲಿನ ಬೆಲೆಯನ್ನು ಮಂಡಳಿ ನಿರ್ಧರಿಸುತ್ತದೆಯೋ, ಸಚಿವಾಲಯವೋ?' ಅಧ್ಯಕ್ಷರು ಸಲಹೆಯನ್ನು ಗಮನಿಸಲಾಗಿದೆ ಎಂದು ಹೇಳಿ ಮುಂದಿನವರ ಹೆಸರು ಕರೆದರು. ಆಮೇಲೆ ಪ್ರಕಟವಾದ ಮತದಾನದ ವಿವರ ತೆರೆದು ನೋಡಿದೆ. ಒಂದು ನಿರ್ಣಯಕ್ಕೆ ಸಂಸ್ಥಾ ಹೂಡಿಕೆದಾರರಲ್ಲಿ ವಿರೋಧವೇ ಹೆಚ್ಚಿತ್ತು, ಆದರೂ ನಿರ್ಣಯ ಪಾಸಾಗಿತ್ತು. ಅರ್ಧಕ್ಕಿಂತ ಹೆಚ್ಚು ಷೇರು ಒಬ್ಬರದೇ ಆದಾಗ ಹಾಗೆಯೇ ಆಗಬೇಕು, ಅದರಲ್ಲಿ ಕಾನೂನಿನ ತಪ್ಪಿಲ್ಲ. ಆದರೆ ಆಕೆಯ ಪ್ರಶ್ನೆಗೆ ಉತ್ತರ ಸಿಗಲಿಲ್ಲ ಎಂಬುದು ನನಗೆ ಇಂದಿಗೂ ಅಸಮಾಧಾನದ ಸಂಗತಿ. ಅದು ಸಂಡೂರಿನವರೂ ಕೇಳಬೇಕಾದ ಪ್ರಶ್ನೆ.

ಆ ಪ್ರಶ್ನೆ ನ್ಯಾಯಾಲಯಕ್ಕೂ ಹೋಗಿದೆ. 2010ರಲ್ಲಿ ಕೋಲ್ ಇಂಡಿಯಾದ ಶೇ 10ರಷ್ಟು ಷೇರುಗಳನ್ನು ಸರ್ಕಾರ ಮಾರಿತು, ಒಂದು ಷೇರಿಗೆ 245 ರೂಪಾಯಿ. ಲಂಡನ್ನಿನ ಟಿಸಿಐ ಎಂಬ ನಿಧಿ ಕಂಪನಿಯ ಸುಮಾರು ಶೇ 1ರ ಪಾಲುದಾರನಾಯಿತು. 2012ರ ಜನವರಿಯಲ್ಲಿ ಕೋಲ್ ಇಂಡಿಯಾ ಹೊಸ ಲೆಕ್ಕದ ಮೇಲೆ ಬೆಲೆ ಏರಿಸಿತು. ವಿದ್ಯುತ್ ಕಂಪನಿಗಳು ಗಲಾಟೆ ಎಬ್ಬಿಸಿದವು, ತಿಂಗಳು ತುಂಬುವುದರೊಳಗೆ ಏರಿಕೆ ಹಿಂದಕ್ಕೆ ಹೋಯಿತು. ಏಪ್ರಿಲ್‌ನಲ್ಲಿ, ಸ್ಥಾವರಗಳಿಗೆ ಕಲ್ಲಿದ್ದಲು ಪೂರೈಸುವ ಒಪ್ಪಂದಗಳಿಗೆ ಸಹಿ ಹಾಕುವಂತೆ ರಾಷ್ಟ್ರಪತಿಯವರ ನಿರ್ದೇಶನ ಬಂತು. ಸಣ್ಣ ಷೇರುದಾರರ ಹಿತವನ್ನು ಬಲಿಕೊಟ್ಟಿರಿ ಎಂದು ಟಿಸಿಐ ಕಂಪನಿಯ ನಿರ್ದೇಶಕರ ಮೇಲೆಯೇ ಮೊಕದ್ದಮೆ ಹೂಡಿತು. ಬ್ರಿಟನ್ ಮತ್ತು ಸೈಪ್ರಸ್ ಜೊತೆ ಭಾರತ ಮಾಡಿಕೊಂಡಿದ್ದ ಹೂಡಿಕೆ ರಕ್ಷಣಾ ಒಪ್ಪಂದಗಳನ್ನೂ ಮುಂದಿಟ್ಟು ವಾದಿಸಿತು. ಕಡೆಗೆ 2014ರಲ್ಲಿ ಷೇರು ಮಾರಿ ಹೊರಟುಹೋಯಿತು.

ಇಲ್ಲಿ ಯಾರ ಪರ ನಿಲ್ಲಬೇಕು? ಕಲ್ಲಿದ್ದಲು ದುಬಾರಿಯಾದರೆ ಅದರ ಬಿಸಿ ಕಲ್ಲಿದ್ದಲನ್ನೇ ನಂಬಿದ ಶಕ್ತಿನಗರದಂಥ ಸ್ಥಾವರಗಳಿಗೂ, ಅಲ್ಲಿಂದ ರಾಯಚೂರಿನ ಮನೆಗಳ ಬಿಲ್ಲಿಗೂ ಮುಟ್ಟುತ್ತದೆ. ಬೆಲೆ ತಡೆಯುವುದು ಸರ್ಕಾರದ ನ್ಯಾಯವಾದ ಧೋರಣೆ ಆಗಿರಬಹುದು. ನನ್ನ ತಕರಾರು ಬೇರೆ. ತಡೆಯಬೇಕೆಂದರೆ ತಡೆಯಲಿ, ಆದರೆ ಆದೇಶ ಲಿಖಿತವಾಗಿರಲಿ, ಅದರ ಹೊರೆಯನ್ನು ಬಜೆಟ್‌ನಲ್ಲಿ ತೋರಿಸಿ ಕಂಪನಿಗೆ ತುಂಬಿಕೊಡಲಿ. ಇದು ಆಗದ ಮಾತೇನಲ್ಲ. ನಮ್ಮ ಪಂಪ್‌ಸೆಟ್‌ಗಳಿಗೆ ಉಚಿತ ವಿದ್ಯುತ್ ಕೊಡಿ ಎಂದು ರಾಜ್ಯ ಸರ್ಕಾರ ಜೆಸ್ಕಾಂಗೆ ಹೇಳಿದರೆ, ಆ ಸಹಾಯಧನವನ್ನು ಮುಂಗಡವಾಗಿ ಕೊಡಬೇಕೆಂದು 2003ರ ವಿದ್ಯುತ್ ಕಾಯ್ದೆಯ 65ನೇ ಕಲಂ ಹೇಳುತ್ತದೆ. ಪಾಲನೆಯಲ್ಲಿ ತಡವಾಗಬಹುದು, ಆದರೂ ನಿಯಮ ಇದೆ, ಬಾಕಿ ಎಷ್ಟೆಂದು ಕೇಳಲು ಒಂದು ಹಿಡಿ ಇದೆ. ಬ್ರೆಜಿಲ್‌ನಲ್ಲಿ ಅಂಥ ಹಿಡಿ ಇರಲಿಲ್ಲ. ಹಣದುಬ್ಬರ ಅಂಕೆಯಲ್ಲಿಡಲು ಅಲ್ಲಿನ ಸರ್ಕಾರ 2011ರಿಂದ 2014ರ ತನಕ ಪೆಟ್ರೊಬ್ರಾಸ್ ಕಂಪನಿಯಿಂದ ಇಂಧನವನ್ನು ಕಡಿಮೆ ಬೆಲೆಗೆ ಮಾರಿಸಿತು. ಕಂಪನಿಯ ಸಾಲ ಬೆಟ್ಟವಾಯಿತು. ಅದರ ಮೇಲೆ ಭ್ರಷ್ಟಾಚಾರದ ಹಗರಣವೂ ಸಿಡಿಯಿತು. ಆ ಹಗರಣದ ಬಗ್ಗೆ ಅಮೆರಿಕದಲ್ಲಿ ಷೇರು ಕೊಂಡವರು ನ್ಯೂಯಾರ್ಕ್ ನ್ಯಾಯಾಲಯಕ್ಕೆ ಹೋದರು. 2018ರಲ್ಲಿ ಕಂಪನಿ ಅವರಿಗೆ 295 ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು. ಆ ಹಣ ಹೋದದ್ದು ಬ್ರೆಜಿಲ್ ಜನರೇ ದೊಡ್ಡ ಒಡೆಯರಾಗಿರುವ ಕಂಪನಿಯ ಕಿಸೆಯಿಂದ.

ನಿಮ್ಮ ದೋಣಿಮಲೈಯಲ್ಲಿ ಆದದ್ದು ಇನ್ನೂ ವಿಚಿತ್ರ. ಅಲ್ಲಿ ಎದುರುಬದುರು ನಿಂತದ್ದು ಎರಡು ಸರ್ಕಾರಗಳು. 2018ರ ನವೆಂಬರ್‌ನಲ್ಲಿ ಗುತ್ತಿಗೆ ಮುಗಿಯಿತು. ನವೀಕರಿಸಬೇಕಾದರೆ ಮಾರಾಟ ಮೌಲ್ಯದ ಶೇ 80ರಷ್ಟು ಹೆಚ್ಚುವರಿ ಕೊಡಿ ಎಂದಿತು ರಾಜ್ಯ. ಹರಾಜಾದ ಬೇರೆ ಗಣಿಗಳಿಂದ ದೊಡ್ಡ ಮೊತ್ತ ಬರುತ್ತಿರುವಾಗ ಇದೊಂದನ್ನು ಅಗ್ಗಕ್ಕೆ ಏಕೆ ಕೊಡಬೇಕು ಎಂಬ ಅದರ ವಾದದಲ್ಲಿ ಹುರುಳಿತ್ತು. ಕೇಂದ್ರದ ಕಂಪನಿ ಒಪ್ಪಲಿಲ್ಲ, ಅಗೆಯುವುದನ್ನು ನಿಲ್ಲಿಸಿತು. ಪಕ್ಕದ ಕುಮಾರಸ್ವಾಮಿ ಗಣಿ ನಡೆಯಿತು, ದೋಣಿಮಲೈಯ ಯಂತ್ರಗಳು 2021ರ ಫೆಬ್ರುವರಿವರೆಗೆ ಸುಮ್ಮನಿದ್ದವು. ಕೊನೆಗೆ ಶೇ 22.5ಕ್ಕೆ ಒಪ್ಪಂದವಾಯಿತು. ಅದರ ಬೆನ್ನಿಗೇ, 2021ರ ಮಾರ್ಚ್‌ನಲ್ಲಿ, ಸರ್ಕಾರಿ ಕಂಪನಿಗಳ ಗುತ್ತಿಗೆ ವಿಸ್ತರಿಸುವಾಗ ರಾಜಧನದ ಒಂದೂವರೆ ಪಟ್ಟು ಹೆಚ್ಚುವರಿ ಕೊಡಬೇಕೆಂದು ಗಣಿ ಕಾಯ್ದೆಗೆ ತಿದ್ದುಪಡಿ ಬಂತು. ಹದಿನೈದರ ಒಂದೂವರೆ ಪಟ್ಟು ಇಪ್ಪತ್ತೆರಡೂವರೆ. ಇದೇ ನಿಯಮ 2018ಕ್ಕೆ ಮೊದಲೇ ಇದ್ದಿದ್ದರೆ ಎರಡು ವರ್ಷಕ್ಕೂ ಹೆಚ್ಚಿನ ಉತ್ಪಾದನೆ ಹಾಳಾಗುತ್ತಿರಲಿಲ್ಲ. ರಾಜ್ಯಕ್ಕೆ ರಾಜಧನ, ಕೇಂದ್ರಕ್ಕೆ ಲಾಭಾಂಶ, ಲಾರಿ ಓಡಿಸುವವರಿಗೆ ಬಾಡಿಗೆ ಎಲ್ಲವೂ ಉಳಿಯುತ್ತಿತ್ತು.

ಸಿರುಗುಪ್ಪದ ಕಡೆ ಭತ್ತದ ಗದ್ದೆಯನ್ನು ಪಾಲಿಗೆ ಮಾಡುವವರಿಗೆ ಇದರ ಕಷ್ಟ ತಕ್ಷಣ ಅರ್ಥವಾಗುತ್ತದೆ. ಹೊಲದ ಒಡೆಯನೇ ತೂಬಿನ ಕೀಲಿ ಹಿಡಿದವನೂ ಆಗಿ, ಅವನೇ ಭತ್ತ ಕೊಳ್ಳುವವನೂ ಆದರೆ ಪಾಲುದಾರ ಯಾವ ಧೈರ್ಯದ ಮೇಲೆ ಬೀಜ ಹಾಕಬೇಕು? ಉದಯೋನ್ಮುಖ ದೇಶಗಳ ಸರ್ಕಾರಿ ಕಂಪನಿಗಳಲ್ಲಿ ಹಣ ಹಾಕುವ ಹೊರಗಿನವರು ಇದೇ ಅನುಮಾನದಿಂದ ಷೇರಿಗೆ ಕಡಿಮೆ ಬೆಲೆ ಕಟ್ಟುತ್ತಾರೆ. ಅಷ್ಟೇ ಲಾಭ ಮಾಡುವ ಖಾಸಗಿ ಕಂಪನಿಗೆ ಕೊಡುವಷ್ಟು ಕೊಡುವುದಿಲ್ಲ. ಹಾಗಾದರೆ ಬರುವುದಾದರೂ ಏಕೆ? ಲಾಭಾಂಶಕ್ಕಾಗಿ. ಕೇಂದ್ರೋದ್ಯಮಗಳು ನಿವ್ವಳ ಲಾಭದ ಶೇ 30 ಅಥವಾ ನಿವ್ವಳ ಸಂಪತ್ತಿನ ಶೇ 4, ಯಾವುದು ಹೆಚ್ಚೋ ಅಷ್ಟನ್ನಾದರೂ ಹಂಚಬೇಕೆಂದು 2024ರ ಮಾರ್ಗಸೂಚಿ ಹೇಳುತ್ತದೆ. ಒಂದು ಷೇರಿಗೆ ರಾಷ್ಟ್ರಪತಿಯವರ ಖಾತೆಗೆ ಬರುವಷ್ಟೇ ಹೊರದೇಶದವನ ಖಾತೆಗೂ ಬರಬೇಕು. ಖಜಾನೆಯ ಅಗತ್ಯವೇ ಸಣ್ಣ ಪಾಲುದಾರನ ರಕ್ಷಣೆ ಆಗಿಬಿಡುತ್ತದೆ.

ಸರ್ಕಾರದ ಒಡೆತನದ ಇನ್ನೊಂದು ಮುಖವನ್ನು ನಮ್ಮ ಜಿಲ್ಲೆಯೇ ನೋಡಿದೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಮುಂದಿನ ತಿಂಗಳೇ ತಿಂಗಳಿಗೆ 10 ಲಕ್ಷ ಟನ್ ಅಗೆಯಲು ಎನ್‌ಎಂಡಿಸಿಗೆ ಅನುಮತಿ ಕೊಟ್ಟಿತು. ಉಕ್ಕಿನ ಕಾರ್ಖಾನೆಗಳು ಆ ಅದಿರಿಗೇ ಕೈಚಾಚಿ ನಿಂತವು.

ಪ್ರಶ್ನೆ: ಉಕ್ಕಿನ ಕಾರ್ಖಾನೆ ಬರುತ್ತದೆಂದು ಸುಮಾರು 2010ರ ಹೊತ್ತಿಗೆ ನಮ್ಮ ಜಮೀನು ತೆಗೆದುಕೊಂಡರು. ಒಂದು ವಿದೇಶಿ ಕಂಪನಿಗೆ, ಇನ್ನೊಂದು ಸರ್ಕಾರಿ ಕಂಪನಿಗೆ. ಎರಡೂ ಬರಲಿಲ್ಲ. 2022ರ ಡಿಸೆಂಬರ್‌ನಿಂದ ಧರಣಿ ನಡೆಸಿದೆವು. ಯಾರನ್ನು ನಂಬಬೇಕಿತ್ತು?
— ಕುಡತಿನಿ ಭಾಗದ ರೈತರು

ಉತ್ತರ: ನಿಮ್ಮ ಪತ್ರ ಓದಿ ಸಂಕಟವಾಯಿತು. ಬಂಡವಾಳಗಾರರ ಸಮಾವೇಶದಲ್ಲಿ ಸಹಿಯಾಗುವ ಒಪ್ಪಂದ ಹೂಡಿಕೆಯಲ್ಲ, ಹೂಡುವ ಇಚ್ಛೆ ಮಾತ್ರ. ವಿದೇಶಿ ಹೂಡಿಕೆ ಎಂದು ಲೆಕ್ಕಕ್ಕೆ ಬರುವುದು ಹಣ ದೇಶದೊಳಗೆ ಬಂದು, ಷೇರು ಹಂಚಿಕೆಯಾಗಿ, ರಿಸರ್ವ್ ಬ್ಯಾಂಕ್‌ಗೆ ವರದಿಯಾದಾಗ. ಆದರೆ ಜಮೀನು ಹೋಗುವುದು ಇಚ್ಛೆಯ ಹಂತದಲ್ಲೇ. ಈ ಅಂತರದಲ್ಲಿ ನೀವು ಸಿಕ್ಕಿಬಿದ್ದಿದ್ದೀರಿ.

ವಿದೇಶಿ ಕಂಪನಿ ಅದಿರು, ನೀರು, ಉಕ್ಕಿನ ಬೆಲೆ ನೋಡಿ ಬೇರೆ ಕಡೆ ಹೋಗುತ್ತದೆ. ಸರ್ಕಾರಿ ಕಂಪನಿ ಸಚಿವಾಲಯದ ತೀರ್ಮಾನಕ್ಕೆ ಕಾಯುತ್ತಾ ಕೂರುತ್ತದೆ. ಕಾರಣ ಬೇರೆ ಬೇರೆ, ನಿಮ್ಮ ಪಾಡು ಒಂದೇ. ಹಾಗೆಂದು ಎರಡನ್ನೂ ಹುಟ್ಟಾ ಅಪ್ರಯೋಜಕ ಎನ್ನಲಾರೆ. ನಿಮ್ಮೂರ ಬದಿಯಲ್ಲೇ ರಾಜ್ಯದ ಬಳ್ಳಾರಿ ಉಷ್ಣ ವಿದ್ಯುತ್ ಕೇಂದ್ರ (ಬಿಟಿಪಿಎಸ್) 1,700 ಮೆಗಾವ್ಯಾಟ್ ಸ್ಥಾವರವಾಗಿ ನಿಂತಿದೆ. ಕೊರತೆ ಇರುವುದು ಜಮೀನು ಕೊಟ್ಟ ಷರತ್ತಿನಲ್ಲಿ. ಐದು ವರ್ಷ ಬಳಸದೆ ಬಿಟ್ಟ ಜಮೀನನ್ನು ಮೂಲ ಒಡೆಯರಿಗೆ ಅಥವಾ ಸರ್ಕಾರದ ಭೂಬ್ಯಾಂಕಿಗೆ ಮರಳಿಸಬೇಕೆಂದು 2013ರ ಕೇಂದ್ರ ಭೂಸ್ವಾಧೀನ ಕಾಯ್ದೆಯ 101ನೇ ಕಲಂ ಹೇಳುತ್ತದೆ. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ 1966ರ ರಾಜ್ಯ ಕಾಯ್ದೆಯಡಿ ಪಡೆದ ಜಮೀನಿಗೆ ಅದು ತಾನಾಗಿಯೇ ಅನ್ವಯಿಸುವುದಿಲ್ಲ. ರಾಜ್ಯದ ಕಾಯ್ದೆಗೂ ಅಂಥದ್ದೇ ಕಲಮು ಬೇಕು ಎಂಬ ಬೇಡಿಕೆಯನ್ನು ನಿಮ್ಮ ಮನವಿಯಲ್ಲಿ ಮೊದಲ ಸಾಲಿಗೆ ತನ್ನಿ. ಹಂಚಿಕೆ ಪತ್ರದಲ್ಲಿ ಕಾಮಗಾರಿ ಮುಗಿಸಲು ಎಷ್ಟು ಗಡುವು ಇತ್ತು, ಅದನ್ನು ಎಷ್ಟು ಸಲ ವಿಸ್ತರಿಸಿದರು ಎಂಬುದನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ ಪಡೆಯಿರಿ.

ಪ್ರಶ್ನೆ: ಇಂದಿರಾ ಗಾಂಧಿ 1971ರಲ್ಲಿ ತೋರಣಗಲ್ಲಿನಲ್ಲಿ ಅಡಿಗಲ್ಲು ಹಾಕಿದರು, ಸರ್ಕಾರಿ ಉಕ್ಕಿನ ಕಾರ್ಖಾನೆ ಬರಲಿಲ್ಲ. ಖಾಸಗಿಯವರು ಬಂದ ಮೇಲೆಯೇ ಊರು ಬೆಳೆಯಿತು. ಸರ್ಕಾರ ಉದ್ಯಮದಿಂದ ಪೂರ್ತಿ ಹಿಂದೆ ಸರಿಯುವುದೇ ಸರಿಯಲ್ಲವೇ?
— ತೋರಣಗಲ್ಲಿನ ಯುವ ಎಂಜಿನಿಯರ್

ಉತ್ತರ: ಅರ್ಧ ಒಪ್ಪುತ್ತೇನೆ. 1970ರಲ್ಲಿ ಸಂಸತ್ತಿನಲ್ಲಿ ಘೋಷಣೆಯಾದದ್ದು ಮೂರು ಕಾರ್ಖಾನೆ: ಸೇಲಂ, ವಿಶಾಖಪಟ್ಟಣ, ವಿಜಯನಗರ. ಮೊದಲೆರಡನ್ನು ಸರ್ಕಾರ ಕಟ್ಟಿತು, ನಮ್ಮದನ್ನು ಕಟ್ಟಲಿಲ್ಲ. 1994ರಲ್ಲಿ ಜಿಂದಾಲ್ ವಿಜಯನಗರ ಸ್ಟೀಲ್ ಹುಟ್ಟಿತು. ಕೋಕ್ ಒಲೆಗಳ ಬದಲು ಆಸ್ಟ್ರಿಯಾದ ಕೋರೆಕ್ಸ್ ತಂತ್ರಜ್ಞಾನ ತಂದು ಕಬ್ಬಿಣ ಕರಗಿಸಿತು. 2010ರಲ್ಲಿ ಜಪಾನಿನ ಉಕ್ಕಿನ ಕಂಪನಿ ಜೆಎಫ್‌ಇ ಸುಮಾರು ಶೇ 15ರ ಪಾಲುದಾರನಾಗಿ ಜೊತೆಗೆ ನಿಂತಿತು. ವಿದೇಶಿ ಹಣದ ಜೊತೆ ಕಸುಬು ಕೂಡ ಬಂದ ಉದಾಹರಣೆ ಇದು. ಇದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಆ ಒಲೆಗೆ ಬೇಕಾದ ತುಂಗಭದ್ರೆಯ ನೀರು, ರೈಲು ಹಳಿ ಸಾರ್ವಜನಿಕ ಹಣದ ಫಲ. ದೋಣಿಮಲೈಯ ಗಣಿ ತೆರೆದದ್ದೂ ಸರ್ಕಾರಿ ಕಂಪನಿಯೇ.

ಸರ್ಕಾರ ಸರಿಯಾಗಿ ಹಿಂದೆ ಸರಿದ ಉದಾಹರಣೆ ಬೇಕೆಂದರೆ ಮಾರುತಿ ನೋಡಿ. 1982ರ ಒಪ್ಪಂದದಲ್ಲಿ ಸುಜುಕಿಗೆ ಶೇ 26, 1992ರಲ್ಲಿ ಶೇ 50, 2002ರಲ್ಲಿ ಆಡಳಿತದ ಹಿಡಿತ, 2003ರಲ್ಲಿ 125 ರೂಪಾಯಿಗೆ ಸಾರ್ವಜನಿಕರಿಗೆ ಷೇರು. 2007ರಲ್ಲಿ ಸರ್ಕಾರ ತನ್ನಲ್ಲಿ ಉಳಿದದ್ದನ್ನೂ ಮಾರಿತು. ಅವಸರವಿಲ್ಲದೆ, ಪ್ರತಿ ಹಂತದಲ್ಲಿ ಬೆಲೆ ಪಡೆದು ಸರಿದದ್ದರಿಂದ ದೇಶಕ್ಕೆ ಕಾರ್ಖಾನೆಯೂ ಉಳಿಯಿತು, ಹಣವೂ ಬಂತು.

ಇನ್ನೊಂದು ಉದಾಹರಣೆ ಅದಿರಿನದೇ. ಬ್ರೆಜಿಲ್ ಸರ್ಕಾರ 1942ರಲ್ಲಿ ಕಟ್ಟಿದ ವಾಲೆ ಕಂಪನಿಯನ್ನು 1997ರಲ್ಲಿ ಖಾಸಗಿಗೆ ಕೊಟ್ಟಿತು. ಮಾರುವಾಗ ವಿಶೇಷ ಅಧಿಕಾರದ ಕೆಲವು ಷೇರುಗಳನ್ನು ಇಟ್ಟುಕೊಂಡಿತು. ಕಂಪನಿಯ ಹೆಸರು, ಕೇಂದ್ರ ಕಚೇರಿಯ ಸ್ಥಳ, ಗಣಿಗಾರಿಕೆಯ ಉದ್ದೇಶ ಬದಲಿಸಲು ಹೊರಟರೆ ತಡೆಯುವ ಹಕ್ಕು ಅದರಲ್ಲಿತ್ತು. ವಿದೇಶಿ ಹಣ ಧಾರಾಳವಾಗಿ ಬಂತು, ವಾಲೆ ಜಗತ್ತಿನ ಅತಿ ದೊಡ್ಡ ಅದಿರು ಕಂಪನಿಗಳಲ್ಲಿ ಒಂದಾಯಿತು. 2019ರ ಜನವರಿ 25ರಂದು ಬ್ರುಮಾಡಿನ್ಯೊದಲ್ಲಿ ಅದರ ಗಣಿಯ ಕೆಸರಿನ ಕಟ್ಟೆ ಒಡೆದು 270 ಜನ ಸತ್ತರು. ವಿಶೇಷ ಷೇರು ಕಚೇರಿಯ ವಿಳಾಸವನ್ನು ಕಾಯಿತು, ಕಟ್ಟೆಯ ಕೆಳಗೆ ಕ್ಯಾಂಟೀನಿನಲ್ಲಿ ಉಣ್ಣುತ್ತಿದ್ದ ಕಾರ್ಮಿಕರನ್ನು ಕಾಯಲಿಲ್ಲ. ಒಡೆಯ ಯಾರೇ ಆಗಲಿ, ಕಟ್ಟೆ ಪರೀಕ್ಷಿಸುವ ಎಂಜಿನಿಯರ್ ಸರ್ಕಾರದ ಸಂಬಳದಲ್ಲಿ, ಕಂಪನಿಯ ಹಂಗಿಲ್ಲದೆ ಇರಬೇಕು. ನೀವು ಎಂಜಿನಿಯರ್ ಆದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಪ್ರಶ್ನೆ: ಹಟ್ಟಿ ಚಿನ್ನದ ಗಣಿಯ ಷೇರುಗಳನ್ನು ವಿದೇಶಿಯರಿಗೆ ಕೊಟ್ಟು ಆಧುನೀಕರಿಸಬಾರದೇಕೆ?
— ಲಿಂಗಸುಗೂರಿನ ಓದುಗರು

ಉತ್ತರ: ವಿದೇಶಿಯರು ಹಟ್ಟಿಗೆ ಹೊಸಬರಲ್ಲ. ಇಂಗ್ಲೆಂಡಿನ ಜಾನ್ ಟೇಲರ್ ಸಂಸ್ಥೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಲ್ಲಿ ಗಣಿ ನಡೆಸಿತ್ತು, 1920ರಲ್ಲಿ ಅದು ಮುಚ್ಚಿತು. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಎಂಬ ಹೆಸರಿನಲ್ಲಿ ಮತ್ತೆ ಜೀವ ಬಂತು. ಈಗ ಬಹುಪಾಲು ರಾಜ್ಯದ್ದು. ಚಿನ್ನದ ಗಣಿಗಾರಿಕೆಯಲ್ಲಿ ಶೇ 100ರಷ್ಟು ವಿದೇಶಿ ನೇರ ಹೂಡಿಕೆಗೆ ಕಾನೂನು ಈಗಾಗಲೇ ಅವಕಾಶ ಕೊಟ್ಟಿದೆ. ಆದರೂ ಹಿಡಿತ ಮಾರುವುದನ್ನು ನಾನು ಒಪ್ಪುವುದಿಲ್ಲ. ಒಂದು ಸಣ್ಣ ಪಾಲನ್ನು ಷೇರುಪೇಟೆಗೆ ತರುವುದನ್ನು ಮಾತ್ರ ಬಲವಾಗಿ ಬೆಂಬಲಿಸುತ್ತೇನೆ. ಆಗ ಮೂರು ತಿಂಗಳಿಗೊಮ್ಮೆ ಲೆಕ್ಕ ಪ್ರಕಟಿಸಲೇಬೇಕಾಗುತ್ತದೆ. ಆ ಲೆಕ್ಕ ವಿದೇಶಿಯರಿಗಿಂತ ಹೆಚ್ಚಾಗಿ ಹಟ್ಟಿಯ ಕಾರ್ಮಿಕರಿಗೆ ಬೇಕು.

ಪ್ರಶ್ನೆ: ಎಲ್‌ಐಸಿಯಲ್ಲಿ ವಿದೇಶಿಯರು ಷೇರು ಕೊಂಡರೆ ನಮ್ಮ ಪಾಲಿಸಿಯ ಹಣಕ್ಕೆ ಅಪಾಯವೇ?
— ಗಂಗಾವತಿಯ ಪಾಲಿಸಿದಾರರು

ಉತ್ತರ: ಇಲ್ಲ. 2022ರ ಮೇ ತಿಂಗಳಲ್ಲಿ 949 ರೂಪಾಯಿಗೆ ಮಾರಿದ್ದು ಶೇ 3.5 ಷೇರು ಮಾತ್ರ. ವಿದೇಶಿ ಹೂಡಿಕೆಗೆ ಶೇ 20ರ ಮಿತಿ ಇದೆ, ಸರ್ಕಾರದ ಪಾಲು ಯಾವ ಕಾಲಕ್ಕೂ ಶೇ 51ಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಪಾಲಿಸಿಯ ಮೊತ್ತಕ್ಕೆ 1956ರ ಎಲ್‌ಐಸಿ ಕಾಯ್ದೆಯ 37ನೇ ಕಲಮಿನಲ್ಲಿ ಕೇಂದ್ರ ಸರ್ಕಾರದ ಖಾತರಿ ಇದೆ. ಷೇರಿನ ಬೆಲೆಗೆ ಯಾವ ಖಾತರಿಯೂ ಇಲ್ಲ. ಎರಡನ್ನೂ ಬೆರೆಸಬೇಡಿ.

ಪ್ರಶ್ನೆ: ಹೊರಗಿನಿಂದ ಬರುವ ಕಂಪನಿಯೇ ಅಲ್ಲಿನ ಸರ್ಕಾರದ್ದಾಗಿದ್ದರೆ? ನಯಾರಾ ಪೆಟ್ರೋಲ್ ಬಂಕಿನ ಹಿಂದೆ ರಷ್ಯಾ ಸರ್ಕಾರ ಇದೆಯೆಂದು ಕೇಳಿದೆ.
— ಕೊಪ್ಪಳದ ಓದುಗರು

ಉತ್ತರ: ಸರಿಯಾಗಿಯೇ ಕೇಳಿದ್ದೀರಿ. ನಯಾರಾದ ಹಿಂದಿನ ಹೆಸರು ಎಸ್ಸಾರ್ ಆಯಿಲ್. ಅದು 2017ರಲ್ಲಿ ಕೈಬದಲಾದಾಗ ಶೇ 49.13ರಷ್ಟು ರಷ್ಯಾದ ರಾಸ್ನೆಫ್ಟ್ ಪಾಲಾಯಿತು. ರಾಸ್ನೆಫ್ಟ್ ರಷ್ಯಾ ಸರ್ಕಾರದ ಹಿಡಿತದಲ್ಲಿರುವ ಕಂಪನಿ. ವ್ಯಾಪಾರಕ್ಕೆ ಬಂದದ್ದು ಹೌದು, ಆದರೆ ಆ ದೇಶದ ರಾಜಕೀಯವೂ ಬೆನ್ನಿಗೆ ಬರುತ್ತದೆ. 2025ರ ಜುಲೈನಲ್ಲಿ ಐರೋಪ್ಯ ಒಕ್ಕೂಟ ನಯಾರಾ ಮೇಲೆ ನಿರ್ಬಂಧ ಹೇರಿತು. ಅದರ ಕಾರಣ ಹುಡುಕಬೇಕಾದದ್ದು ಗುಜರಾತಿನ ಸಂಸ್ಕರಣಾಗಾರದಲ್ಲಿ ಅಲ್ಲ, ಉಕ್ರೇನ್ ಯುದ್ಧದಲ್ಲಿ.

ಕರ್ನಾಟಕಕ್ಕೆ ಇದು ಮೊದಲೇ ಆದ ಅನುಭವ. ಕುದುರೆಮುಖ ಯೋಜನೆ 1970ರ ದಶಕದಲ್ಲಿ ಹುಟ್ಟಿದ್ದು ಇರಾನ್ ಸರ್ಕಾರದ 63 ಕೋಟಿ ಡಾಲರ್ ಸಾಲದ ಭರವಸೆಯ ಮೇಲೆ. ಅದಿರನ್ನೂ ಇರಾನೇ ಕೊಳ್ಳಬೇಕಿತ್ತು. 1979ರಲ್ಲಿ ಇರಾನಿನ ದೊರೆ ಶಾ ಪದಚ್ಯುತನಾದ. ಹಣ ಅರ್ಧಕ್ಕೆ ನಿಂತಿತು, ಕೊಳ್ಳುವವರೂ ಇಲ್ಲವಾದರು. ಭಾರತವೇ ಉಳಿದ ಹಣ ಹಾಕಿ ಮುಗಿಸಿತು, ಅದಿರಿನ ಪುಡಿಯಿಂದ ಸಣ್ಣ ಉಂಡೆಗಳನ್ನು (ಪೆಲೆಟ್) ತಯಾರಿಸಿ ಬೇರೆ ದೇಶಗಳಲ್ಲಿ ಗಿರಾಕಿ ಹುಡುಕಿತು. 2005ರ ಕೊನೆಗೆ ಅಲ್ಲಿ ಗಣಿಗಾರಿಕೆ ನಿಂತಿತು. ಕುದುರೆಮುಖ ಗಣಿ ನಡೆಸಿದ ಅದೇ ಕೇಂದ್ರದ ಕಂಪನಿ, ಕೆಐಒಸಿಎಲ್, ಈಗ ಸಂಡೂರಿನ ದೇವದಾರಿ ಕಾಡಿನಲ್ಲಿ ಗಣಿ ತೆರೆಯಲು ಹೊರಟಿದೆ. ಅರಣ್ಯದ ವಿಚಾರದಲ್ಲಿ 2024ರಲ್ಲಿ ರಾಜ್ಯ ಅಡ್ಡ ನಿಂತಿತು. ಮತ್ತೆ ಎರಡು ಸರ್ಕಾರಗಳ ಜಗಳ.

ಪ್ರಶ್ನೆ: ಇವನ್ನೆಲ್ಲ ನಾವೇ ಪರಿಶೀಲಿಸುವುದು ಹೇಗೆ?
— ರಾಯಚೂರಿನ ಬಿ.ಕಾಂ. ವಿದ್ಯಾರ್ಥಿನಿ

ಉತ್ತರ: ಷೇರುಪೇಟೆಯಲ್ಲಿರುವ ಕಂಪನಿ ಪ್ರತಿ ತ್ರೈಮಾಸಿಕ ಮುಗಿದ 21 ದಿನದೊಳಗೆ ಷೇರುದಾರಿಕೆಯ ವಿವರ ಕೊಡಬೇಕು. ಮುಂಬೈ ಷೇರುಪೇಟೆಯ ಜಾಲತಾಣದಲ್ಲಿ ಅದು ಉಚಿತವಾಗಿ ಸಿಗುತ್ತದೆ. ಸಭೆಯ ಮತದಾನದ ಫಲಿತಾಂಶವೂ ಅಲ್ಲೇ ಇರುತ್ತದೆ. ಅದರಲ್ಲಿ ಪ್ರವರ್ತಕರು (ಸರ್ಕಾರಿ ಕಂಪನಿಯಲ್ಲಿ ಸರ್ಕಾರವೇ), ಸಂಸ್ಥೆಗಳು, ಉಳಿದವರು ಎಂದು ಮೂರು ಸಾಲುಗಳಿರುತ್ತವೆ. ಎರಡನೆಯ ಸಾಲನ್ನು ಎಂದೂ ಬಿಡದೆ ಓದು. ಕಂಪನಿಯ ನಿಯಮಾವಳಿಯಲ್ಲಿ ರಾಷ್ಟ್ರಪತಿಯವರ ನಿರ್ದೇಶನದ ಕಲಮನ್ನು ಹುಡುಕು. ಗಣಿ ಕಂಪನಿಯಾದರೆ ವಾರ್ಷಿಕ ವರದಿಯ ಪುಟಗಳಲ್ಲಿ ಪ್ರತಿ ಗುತ್ತಿಗೆ ಯಾವ ವರ್ಷ ಮುಗಿಯುತ್ತದೆ ಎಂಬುದನ್ನು ಗುರುತು ಹಾಕಿಕೊ.